ಸಾಲಿನಲ್ಲಿ ಏಳನೆಯ ಹುಡುಗ

ಗ್ರೆಗ್ ಹಾರ್ಡನ್ 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಪಟುಗಳಿಗೆ ಆಪ್ತ ಸಲಹೆಗಾರರಾಗಿದ್ದವರು. ನಮ್ಮ ಕಾಲೇಜಿನಲ್ಲಿ ಪದವಿ ಮುಗಿಸಿ ಆ ವಿಶ್ವವಿದ್ಯಾಲಯವಿರುವ ಆನ್ ಆರ್ಬರ್‌ಗೆ ಓದಲು ಹೋದ ನನಗೆ ಅವರು ಒಂದು ದಿನವೂ ಪಾಠ ಹೇಳಿದವರಲ್ಲ. ಆದರೂ ಮೇಷ್ಟ್ರು ಎಂದೊಡನೆ ನೆನಪಾಗುವ ಇಬ್ಬರಲ್ಲಿ ಅವರೊಬ್ಬರು.

1995ರಲ್ಲಿ ಟಾಮ್ ಬ್ರಾಡಿ ಎಂಬ ಹುಡುಗ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಸೇರಿದಾಗ ಕ್ವಾರ್ಟರ್‌ಬ್ಯಾಕ್‌ಗಳ ಸಾಲಿನಲ್ಲಿ ಏಳನೆಯವನು. ಎದುರಾಳಿಗಳು ಮೈಮೇಲೆ ಬೀಳುವ ಮೊದಲೇ ಚೆಂಡನ್ನು ಯಾರಿಗೆ ಎಸೆಯಬೇಕೆಂದು ತೀರ್ಮಾನಿಸಬೇಕಾದವನು ಕ್ವಾರ್ಟರ್‌ಬ್ಯಾಕ್. ಅಭ್ಯಾಸದಲ್ಲಿ ತನಗೆ ಸಿಗುವುದು ಎರಡು ಮೂರು ಸರದಿ ಮಾತ್ರ ಎಂದು ನೊಂದುಕೊಂಡವನಿಗೆ ಹಾರ್ಡನ್ ಹೇಳಿದ್ದು, ಸಿಕ್ಕಷ್ಟನ್ನೇ ಮನಸಾರೆ ಆಡು ಎಂದು. ಹಾಗೆ ಆಡಿಯೇ 1998ರಲ್ಲಿ ಬ್ರಾಡಿ ಮೊದಲ ಸ್ಥಾನಕ್ಕೆ ಬಂದ. ಮರುವರ್ಷ ಡ್ರೂ ಹೆನ್ಸನ್ ಎಂಬ ಕಿರಿಯನೊಂದಿಗೆ ಮತ್ತೆ ಆ ಸ್ಥಾನ ಹಂಚಿಕೊಳ್ಳಬೇಕಾಯಿತು.

ಇನ್ನೊಬ್ಬರು ನನ್ನ ಮಾರ್ಗದರ್ಶಕ ಪ್ರಾಧ್ಯಾಪಕರು. ಶನಿವಾರವೂ ಕುಲುಮೆಯ ಉಷ್ಣತೆಯನ್ನು ಗಂಟೆಗಂಟೆಗೆ ಬರೆದಿಡಬೇಕೆಂಬುದು ಅವರ ಕಟ್ಟಪ್ಪಣೆ. 1999ರ ನವೆಂಬರ್ 20ರಂದು ಬದ್ಧವೈರಿ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಆಡಲು ಬಂದಿತ್ತು. ನಾನೂ ಧಾರವಾಡದ ಗೆಳೆಯನೂ ಪ್ರಯೋಗಾಲಯಕ್ಕೆ ಬೀಗ ಜಡಿದು, 'ಪ್ರಯೋಗ ನಡೆಯುತ್ತಿದೆ' ಎಂಬ ಹಲಗೆ ತೂಗುಹಾಕಿ, ಲಕ್ಷಕ್ಕೂ ಹೆಚ್ಚು ಜನ ಹಿಡಿಸುವ ಆ ಕ್ರೀಡಾಂಗಣಕ್ಕೆ ಓಡಿದೆವು. ಕೊನೆಯ ಕಾಲುಭಾಗದಲ್ಲಿ ಬ್ರಾಡಿ ಎಸೆದ ಚೆಂಡು ಮಾರ್ಕೀಸ್ ವಾಕರ್ ಕೈಸೇರಿತು, 24–17ರಿಂದ ಗೆದ್ದೆವು. ಗಂಟಲು ಹರಿದುಕೊಂಡು ಹಿಂತಿರುಗಿದರೆ ಬಾಗಿಲು ತೆರೆದಿತ್ತು. ಪ್ರಾಧ್ಯಾಪಕರು ಒಳಗೆ ಕುಳಿತು ನಮ್ಮ ಪುಸ್ತಕದಲ್ಲಿ ಉಷ್ಣತೆ ಬರೆಯುತ್ತಿದ್ದರು. ತಲೆ ಎತ್ತದೆ, "ಕೊನೆಯ ಎಸೆತ ಎಷ್ಟು ದೂರ ಹೋಯಿತು?" ಎಂದು ಕೇಳಿದರು. ಆ ವರ್ಷ ಓದಿದ ಸಮೀಕರಣಗಳಲ್ಲಿ ಒಂದೂ ನೆನಪಿಲ್ಲ, ಆ ದನಿ ನೆನಪಿದೆ.

2000ದಲ್ಲಿ ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಆಯ್ಕೆಯಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಬ್ರಾಡಿಯನ್ನು ಕರೆದದ್ದು ಆರನೆಯ ಸುತ್ತಿನಲ್ಲಿ, 199ನೆಯವನಾಗಿ. ಮರುವರ್ಷ ಡ್ರೂ ಬ್ಲೆಡ್ಸೋ ಗಾಯಗೊಂಡಾಗ ಸರದಿ ಬಂತು; 2002ರ ಫೆಬ್ರುವರಿಯಲ್ಲಿ ವೃತ್ತಿಪರ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದೇಬಿಟ್ಟ. ಅಂಥವು ಒಟ್ಟು ಏಳು, ಕೊನೆಯದು ಟ್ಯಾಂಪಾ ಬೇ ತಂಡಕ್ಕೆ, 43ನೆಯ ವಯಸ್ಸಿನಲ್ಲಿ. 2017ರ ಫೈನಲ್‌ನಲ್ಲಿ ಅಟ್ಲಾಂಟಾ 28–3ರಿಂದ ಮುಂದಿದ್ದಾಗ ನಮ್ಮ ಮನೆಯವರೆಲ್ಲ ಟಿ.ವಿ. ಮುಂದಿನಿಂದ ಎದ್ದರು. ನಾನು ಏಳಲಿಲ್ಲ. ಆನ್ ಆರ್ಬರ್‌ನಲ್ಲಿ ಅವನನ್ನು ಕಂಡವನಾದ್ದರಿಂದ ಇದು ಮುಗಿದಿಲ್ಲವೆಂದು ಗೊತ್ತಿತ್ತು, ಹಾಗೆಂದು ಹೇಳಿಯೂ ಇದ್ದೆ. 34–28ರಿಂದ ಗೆದ್ದ. 2023ರಲ್ಲಿ ನಿವೃತ್ತನಾದ.

ಈಗಿನ ಮಕ್ಕಳಿಗೆ ಒಂದು ಪರೀಕ್ಷೆಯಲ್ಲಿ ರ‍್ಯಾಂಕ್ ಜಾರಿದರೆ ಕೋಚಿಂಗ್ ಕೇಂದ್ರ ಬದಲಾಗುತ್ತದೆ, ವಿಷಯ ಬದಲಾಗುತ್ತದೆ. ಏಳನೆಯವನ ಪಕ್ಕದಲ್ಲಿ ಕುಳಿತು ಮಾತಾಡುವಷ್ಟು ಬಿಡುವು ಯಾವ ಅಧ್ಯಾಪಕರಿಗೂ ಉಳಿದಿಲ್ಲ. ಅದರಲ್ಲಿ ಅವರ ತಪ್ಪೂ ಇಲ್ಲ. ನನ್ನ ಕಂಪನಿಯಲ್ಲಿ ನಾನು ಆರಿಸಿ ಬೆಳೆಸಿದ ಎಂಜಿನಿಯರ್‌ಗಳಲ್ಲಿ ಬಹುಪಾಲು ಪಟ್ಟಿಯ ಕೆಳಗಿದ್ದವರೇ ಎಂಬುದು ನನ್ನ ಹೆಮ್ಮೆ. ನಮ್ಮ ಕಾಲೇಜಿಗೂ ಹಾರ್ಡನ್ ಅವರಂಥ ಒಬ್ಬ ಪೂರ್ಣಾವಧಿ ಸಲಹೆಗಾರರು ಬೇಕು. ಪ್ರಾಂಶುಪಾಲರು ಒಪ್ಪಿದರೆ ಅವರ ಮೊದಲ ವರ್ಷದ ಸಂಬಳ ನಾನು ಕೊಡುತ್ತೇನೆ.