ಹೂವಿನಕ್ಕನ ಹತ್ತು ಸಾವಿರ

ಶ್ರೀರಾಂಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಅನ್ನೋದು ಹೆಸರಿಗೆ ಮಾತ್ರ, ದಿನವಿಡೀ ನಡೆಯುವುದು ಅರ್ಜಿ ತುಂಬುವ ಕೆಲಸ. 2020ರ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಕೇಂದ್ರದ ಪಿಎಂ ಸ್ವನಿಧಿ ಯೋಜನೆ ಶುರುವಾದ ಮೇಲೆ ಅವರೇ ಜಾಸ್ತಿ ಬರತೊಡಗಿದರು. ಲಾಕ್‌ಡೌನ್‌ನಲ್ಲಿ ಬಂಡವಾಳವನ್ನೇ ತಿಂದು ಮುಗಿಸಿದ್ದ ಜನ. ಅಡಮಾನ ಬೇಡ, ಆಗ ಮೊದಲ ಸಲ 10,000 ರೂಪಾಯಿ. ಅದನ್ನು ತೀರಿಸಿದರೆ 20,000, ಆಮೇಲೆ 50,000. ಕಂತು ತಪ್ಪದಿದ್ದರೆ ವರ್ಷಕ್ಕೆ ಶೇ 7ರ ಲೆಕ್ಕದಲ್ಲಿ ಬಡ್ಡಿ ಸಬ್ಸಿಡಿ ಖಾತೆಗೆ ಬರುತ್ತದೆ.

ಹತ್ತು ಸಾವಿರದಲ್ಲಿ ಏನಾಗುತ್ತೆ ಅಂತ ಕೇಳುವವರು ಕೆ.ಆರ್. ಮಾರ್ಕೆಟ್‌ನ ಬೆಳಗಿನ ಲೆಕ್ಕ ನೋಡಿಲ್ಲ. ನಮ್ಮ ಮೂಲೆಯಲ್ಲಿ ಹೂ ಮಾರುವ ಅಕ್ಕ ಬೆಳಗಿನ ಜಾವ ಮೀಟರ್ ಬಡ್ಡಿಯವನ ಹತ್ತಿರ ಸಾವಿರ ರೂಪಾಯಿ ಎತ್ತುತ್ತಿದ್ದಳು. ಕೈಗೆ ಬರುವುದು 900. ನೂರು ಅಲ್ಲೇ ಮುರಿದುಕೊಳ್ಳುತ್ತಾನೆ. ಸಂಜೆ ಪೂರ್ತಿ ಸಾವಿರ ಎಣಿಸಬೇಕು. ಸೇವಂತಿಗೆ, ಕನಕಾಂಬರ ತಂದು, ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರಬೇಕು. ಮಳೆ ಬಂದು ಉಳಿದರೆ ಆ ನಷ್ಟವೂ ಅವಳದ್ದೇ. ತಿಂಗಳಿಗೆ 25 ದಿನ ಅಂತ ಹಿಡಿದರೂ ಬಡ್ಡಿಗೇ 2,500 ಹೋಯಿತು. ಬ್ಯಾಂಕಿನ 10,000ಕ್ಕೆ ಅಸಲು, ಬಡ್ಡಿ ಎಲ್ಲಾ ಸೇರಿ ತಿಂಗಳ ಕಂತು ಸಾವಿರ ದಾಟುವುದಿಲ್ಲ.

ಮತ್ತೆ ಯಾಕೆ ಮೀಟರ್ ಬಡ್ಡಿ? ಅವನು ಕಾಗದ ಕೇಳುವುದಿಲ್ಲ, ಅಷ್ಟೇ. ಬ್ಯಾಂಕಿಗೆ ಪಾಲಿಕೆಯ ಗುರುತಿನ ಚೀಟಿ ಇಲ್ಲವೇ ಶಿಫಾರಸು ಪತ್ರ ಬೇಕು. ಆಧಾರ್‌ಗೆ ಫೋನ್ ಲಿಂಕ್ ಆಗಿರಬೇಕು. ಅಕ್ಕನ ಆಧಾರ್‌ನಲ್ಲಿ ಇದ್ದದ್ದು ಅಳಿಯನ ಹಳೇ ನಂಬರ್. ಆ ಸಿಮ್ ಯಾವಾಗಲೋ ಸತ್ತಿತ್ತು. ಒಟಿಪಿ ಎಲ್ಲಿಗೆ ಬರಬೇಕು ಹೇಳಿ?

ಮೈಕ್ರೋಫೈನಾನ್ಸ್‌ನವರು ಹೆಂಗಸರ ಗುಂಪಿಗೆ ಕೊಡುವ ಸಂಘದ ಸಾಲದ ಕಥೆ ಬೇರೆ. ಗುಂಪಿನಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ವಸೂಲಿಯವರ ಕಿರುಕುಳ ಮಿತಿಮೀರಿದ್ದಕ್ಕೇ ಅಲ್ವಾ, 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂದದ್ದು? ಕಿರುಕುಳ ಕೊಟ್ಟವರಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ನಾಳೆ ಬೆಳಿಗ್ಗೆ ಹೂವಿಗೆ ಕಾಸು ಕೊಡುವವರು ಯಾರು ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ.

ನನಗೆ ಕಾಣುವ ದೊಡ್ಡ ತೊಡಕು ತಿಂಗಳ ಕಂತು. ಇವರ ಕೈಯಲ್ಲಿ ದುಡ್ಡು ಓಡಾಡುವುದು ದಿನದ ಲೆಕ್ಕದಲ್ಲಿ. ತಿಂಗಳ ಕೊನೆಗೆ ಒಟ್ಟಿಗೆ ಸಾವಿರ ತೆಗೆದಿಡು ಅಂದರೆ ನಡುವೆ ಜ್ವರ, ಸ್ಕೂಲ್ ಫೀಸು, ನೆಂಟರು ಎಲ್ಲಾ ಬರುತ್ತಾರೆ. ಇದನ್ನು ಉಡುಪಿಯವರು 1928ರಲ್ಲೇ ಅರ್ಥ ಮಾಡಿಕೊಂಡಿದ್ದರು. ಟಿ.ಎಂ.ಎ. ಪೈ ಅವರ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿಯವರು, ಅಂದರೆ ದಿನದ ಉಳಿತಾಯ ಎತ್ತುವವರು, ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ಎತ್ತುತ್ತಿದ್ದರು. ಇವತ್ತಿನ ಸಾಲದ ಸ್ಕೀಮ್ ಬರೆಯುವವರಿಗೆ ಇದು ಯಾಕೆ ಹೊಳೆಯುವುದಿಲ್ಲವೋ ಗೊತ್ತಿಲ್ಲ.

ಬ್ಯಾಂಕಿನ ಸಾಲ ಸಿಕ್ಕ ಮೇಲೆ ಅಕ್ಕ ಈ ದಿನದ ಲೆಕ್ಕವನ್ನು ತಾನೇ ಹೊಂದಿಸಿಕೊಂಡಳು. ನಮ್ಮ ಬೀದಿಗೆ ಬರುವ ಪಿಗ್ಮಿ ಹುಡುಗನಿಗೆ ದಿನಕ್ಕೆ 40 ರೂಪಾಯಿ ಕೊಟ್ಟು, ಕಂತನ್ನು ಅದರಿಂದಲೇ ಕಟ್ಟಿದಳು. ಮೊದಲ ಸಾಲ ತೀರಿತು. ಎರಡನೆಯದೂ ಸಿಕ್ಕಿತು. ವರಮಹಾಲಕ್ಷ್ಮಿ ಹಬ್ಬಕ್ಕೆ ಮಾತ್ರ ಈಗಲೂ ಮೀಟರ್‌ನವನ ಹತ್ತಿರ ಹೋಗುತ್ತಾಳೆ. ಆ ವಾರ ಹೂವಿನ ರೇಟು ಆಕಾಶಕ್ಕೇರಿರುತ್ತದೆ, ಬ್ಯಾಂಕು ಹಬ್ಬ ನೋಡಿ ದುಡ್ಡು ಕೊಡುವುದಿಲ್ಲ.

2025ರ ಆಗಸ್ಟ್‌ನಲ್ಲಿ ಸ್ವನಿಧಿಯನ್ನು 2030ರ ಮಾರ್ಚ್‌ವರೆಗೆ ಮುಂದುವರಿಸಿದ್ದಾರೆ. ಮೊದಲ ಸಾಲ ಈಗ 15,000, ಎರಡನೆಯದು 25,000. ಅರ್ಜಿಗೆ ಬರುವವರು ಮೊದಲು ಆಧಾರ್‌ನ ಫೋನ್ ನಂಬರ್ ಸರಿಮಾಡಿಸಿಕೊಂಡು ಬನ್ನಿ. ಮಿಕ್ಕಿದ್ದನ್ನು ನಾನು ನೋಡಿಕೊಳ್ಳುತ್ತೇನೆ.