ಬಾಂಡ್ಸ್ ಹೊರಗೆ, ಓರ್ಟಿಜ್ ಒಳಗೆ

ಬೇಸ್‌ಬಾಲ್‌ನಲ್ಲಿ ಸ್ಟೆರಾಯ್ಡ್ ಅಂದ ತಕ್ಷಣ ಎಲ್ಲರ ಬೆರಳೂ ಬ್ಯಾರಿ ಬಾಂಡ್ಸ್ ಕಡೆಗೇ. 762 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರದ ಹೊಡೆತ) ಹೊಡೆದವನಿಗೆ 2022ರ ಕೊನೆಯ ಅವಕಾಶದಲ್ಲೂ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಬೇಕಾದಷ್ಟು ಪತ್ರಕರ್ತರು ವೋಟು ಹಾಕಲಿಲ್ಲ. ಅದೇ ವರ್ಷ ಇನ್ನೊಬ್ಬ ಆಟಗಾರ ಡೇವಿಡ್ ಓರ್ಟಿಜ್ ಮೊದಲ ಸಲಕ್ಕೇ ಒಳಗೆ ಹೋದ. 2003ರ ಡ್ರಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಲ್ಲಿ ಅವನ ಹೆಸರೂ ಇದೆ ಅಂತ ಪತ್ರಿಕೆಯಲ್ಲೇ ಬಂದಿತ್ತು. ಆ ಫಲಿತಾಂಶ ಪಕ್ಕಾ ಅಲ್ಲ ಅಂತಾರೆ, ಇರಲಿ, ಆದರೆ ಬಾಂಡ್ಸ್ ಪತ್ರಕರ್ತರನ್ನು ಕಂಡರೆ ಮುಖ ಗಂಟಿಕ್ಕುತ್ತಿದ್ದ, ಓರ್ಟಿಜ್ ನಗುನಗುತ್ತಾ ಮಾತಾಡುತ್ತಿದ್ದ, ಅದೂ ಲೆಕ್ಕಕ್ಕೆ ಬಂದಿರುತ್ತೆ ಅಲ್ವಾ?

1998ರಲ್ಲಿ ಮತ್ತೊಬ್ಬ ಆಟಗಾರ ಮಾರ್ಕ್ ಮೆಕ್‌ಗ್ವೈರ್ ಲಾಕರ್‌ನಲ್ಲಿ ಆಂಡ್ರೋ ಅನ್ನೋ ಸ್ಟೆರಾಯ್ಡ್ ಥರದ ಮದ್ದಿನ ಬಾಟಲಿ ಕಂಡಿತ್ತು. ಬೇಸ್‌ಬಾಲ್‌ನಲ್ಲಿ ಆಗ ಅದಕ್ಕೆ ನಿಷೇಧ ಇರಲಿಲ್ಲ ಅನ್ನಿ. ಆ ಸೀಸನ್‌ನಲ್ಲಿ ಅವನು 70 ಹೋಮ್ ರನ್ ಹೊಡೆಯುವವರೆಗೂ ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಆ ಕಾಲದಲ್ಲಿ ಇಡೀ ಲೀಗ್ ನಡೆಸುತ್ತಿದ್ದ ಕಮಿಷನರ್ ಬಡ್ ಸೆಲಿಗ್? 2017ರಲ್ಲಿ ಆರಾಮಾಗಿ ಹಾಲ್ ಆಫ್ ಫೇಮ್ ಸೇರಿದರು.