ಏರ್‌ಬ್ರಷ್ ಯಾವುದು ತಗೊಳ್ಳೋಣ ಅಂತ ಕೇಳುವವರಿಗೆ

ಪ್ಲಾಸ್ಟಿಕ್ ವಿಮಾನ, ಟ್ಯಾಂಕುಗಳ ಮಾಡೆಲ್ ಜೋಡಿಸಿ, ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಏರ್‌ಬ್ರಷ್‌ನಿಂದ ಬಣ್ಣ ಹೊಡೆಯುವುದು ನನ್ನ ಹುಚ್ಚು. ಮಾಡಿದ್ದನ್ನು ಯಾರಿಗಾದರೂ ತೋರಿಸಿದರೆ ಸಾಕು, ಪ್ರಶ್ನೆ ಬರುತ್ತದೆ: 'ಹೊಸದಾಗಿ ಶುರು ಮಾಡೋರಿಗೆ ಯಾವ ಏರ್‌ಬ್ರಷ್, ಯಾವ ಕಂಪ್ರೆಸರ್ ಛಲೋ? ಕಮ್ಮಿ ರೇಟಿಂದು ಹೇಳ್ರಿ.' ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಇದನ್ನೇ ಕಳಿಸುತ್ತೇನೆ.

ಡ್ಯುಯಲ್ ಆಕ್ಷನ್ ತಗೊಳ್ಳಿ. ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಬಟ್ಟಲು ಮೇಲಿರುವ ಗ್ರಾವಿಟಿ ಫೀಡ್ ಇರಲಿ, ನಾಲ್ಕು ಹನಿ ಬಣ್ಣದಲ್ಲೂ ಕೆಲಸ ಆಗುತ್ತದೆ. ನಾಝಲ್, ಅಂದರೆ ಬಣ್ಣ ಹೊರಬರುವ ತೂತಿನ ತುದಿ, 0.3 ಮಿ.ಮೀ. ಇರಲಿ. 0.2ರ ಆಸೆ ಸದ್ಯಕ್ಕೆ ಬಿಡಿ, ಸುಮ್ನೆ ಕಟ್ಟಿಕೊಳ್ಳುತ್ತಿರುತ್ತದೆ. ನಾಝಲ್ ಒಳಗೆ ಕೂರುವ ಸೂಜಿ, ನಾಝಲ್ ಎರಡೂ ಬಿಡಿಯಾಗಿ ಸಿಗದಿದ್ದರೆ ಎಂಥ ಕಂಪನಿಯದಾದರೂ ಬೇಡ. ಕಂಪ್ರೆಸರ್‌ಗೆ 3 ಲೀಟರಿನ ಟ್ಯಾಂಕು, ಒತ್ತಡ ಹೆಚ್ಚುಕಮ್ಮಿ ಮಾಡುವ ರೆಗ್ಯುಲೇಟರ್, ನೀರು ಹಿಡಿಯುವ ಟ್ರ್ಯಾಪ್ ಇರಬೇಕು. ಉತ್ತರ ಇಷ್ಟೇ.

ಆದರೆ ಇಷ್ಟಕ್ಕೆ ಯಾರು ಬಿಡುತ್ತಾರೆ? ಹುಬ್ಬಳ್ಳಿಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಕಾಕಾ ಎಣ್ಣೆಗಾಯಿ ಕಲಸುತ್ತಲೇ ಶುರು ಮಾಡಿದರು. 'ತಮ್ಮಾ, ನಮ್ಮ ಕಾರಿನ ಟೈರಿಗೆ ಗಾಳಿ ಹಾಕೋ ಪಂಪ್ ಐತಿ. ಅದನ್ನ ಹಚ್ಚಿದ್ರ ನಡೀತೈತಿಲ್ಲೋ? ಯಾವ ಗಾಳಿ ಆದ್ರೂ ಗಾಳೀನ ಅಲ್ಲೇನು?'

'ಇಲ್ರೀ ಕಾಕಾ' ಅಂದೆ. ಆ ಪಂಪಿಗೆ ಟ್ಯಾಂಕಿಲ್ಲ, ಗಾಳಿ ಬಡಿದು ಬಡಿದು ಬರುತ್ತದೆ. ಸ್ವಲ್ಪ ಹೊತ್ತಿಗೇ ಪಂಪು ಬಿಸಿಯಾಗುತ್ತದೆ. ಅಕ್ರಿಲಿಕ್ ಬಣ್ಣಕ್ಕೆ 15ರಿಂದ 20 ಪಿಎಸ್‌ಐ ಒತ್ತಡ ಸಾಕು, ಆದರೆ ಅದು ಒಂದೇ ಸಮನೆ ಬರಬೇಕು.

'ಹಂಗಾರ ಪಂಚರ್ ಅಂಗಡ್ಯಾಗಿನ ದೊಡ್ಡ ಕಂಪ್ರೆಸರು?'

ಸುಳ್ಳು ಹೇಳಲಾಗಲಿಲ್ಲ. 'ಅದು ನಡೀತೈತ್ರಿ. ಆದ್ರ ರೆಗ್ಯುಲೇಟರ್ ಬೇಕು, ಟ್ರ್ಯಾಪ್ ಬೇಕು, ರಾತ್ರಿ ಹಚ್ಚಿದ್ರ ಓಣಿ ಮಂದಿ ಎಲ್ಲಾ ಎದ್ದು ಬರ್ತಾರ...' ನಡೀತೈತಿ ಅನ್ನುವುದಷ್ಟೇ ಕಾಕಾನ ಕಿವಿಗೆ ಬಿತ್ತು. ಅಷ್ಟರಲ್ಲಿ ಹೋಳಿಗೆ ಬಂದಿತ್ತು.

ಟ್ರ್ಯಾಪ್ ಅಂದರೆ ಎಲ್ಲರೂ ಮೂಗು ಮುರಿಯುತ್ತಾರೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒಂದು ತಾಸು ಕಂಪ್ರೆಸರ್ ಓಡಿಸಿ, ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿ ನೋಡಿ. ನೀರು ಸಿಡಿಯುತ್ತದೆ. ಗಾಳಿಯನ್ನು ಒತ್ತಿದಾಗ ಅದರೊಳಗಿನ ತೇವ ನೀರಾಗುತ್ತದೆ, ಟ್ರ್ಯಾಪ್ ಇಲ್ಲದಿದ್ದರೆ ಆ ನೀರು ನಿಮ್ಮ ವಿಮಾನದ ರೆಕ್ಕೆ ಮೇಲೆ ಬೀಳುತ್ತದೆ. ಗದಗಿನ ಏಪ್ರಿಲ್‌ನಲ್ಲಿ ಕಥೆ ಉಲ್ಟಾ: ಬಣ್ಣ ಸೂಜಿಯ ತುದಿಯಲ್ಲೇ ಒಣಗಿ ಕೂರುತ್ತದೆ. ಆಗ ಬಣ್ಣ ಬೇಗ ಒಣಗದಂತೆ ತಡೆಯುವ ರಿಟಾರ್ಡರ್ ಒಂದೆರಡು ಹನಿ ಬೆರೆಸಬೇಕು.

ಬಣ್ಣ ಎಷ್ಟು ತೆಳು ಮಾಡಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕಾದ್ದು ಅದು! ದುಬಾರಿ ಏರ್‌ಬ್ರಷ್‌ಗೂ ದಪ್ಪ ಬಣ್ಣ ಹಾಕಿದರೆ ಉಗುಳುತ್ತದೆ. ಬೆರೆಸುವ ಬಟ್ಟಲಿನ ಗೋಡೆಗೆ ಕಡ್ಡಿಯಿಂದ ಚೂರು ಬಣ್ಣ ಹಚ್ಚಿ. ಹಾಲಿನ ಹಾಗೆ ಜಾರಿ, ತೆಳ್ಳಗೆ ಬಣ್ಣ ಉಳಿಸಿ ಇಳಿಯಬೇಕು. ಅಲ್ಲೇ ಅಂಟಿ ನಿಂತರೆ ಇನ್ನಷ್ಟು ಥಿನ್ನರ್ ಬೇಕು. ಜಾಸ್ತಿ ನೀರಾದರೆ ಮಾಡೆಲ್ ಮೇಲೆ ಜೇಡನ ಕಾಲಿನ ಹಾಗೆ ಹರಡುತ್ತದೆ.

ಕೆಲಸ ಮುಗಿದ ಮೇಲೆ ತೊಳೆಯಿರಿ, ನಾಳೆಗೆ ಬಿಡಬೇಡಿ. ಸೂಜಿಯನ್ನು ಹಿಂದಕ್ಕೆ ಎಳೆದು ತೆಗೆದು, ದಪ್ಪ ಕಡೆಯಿಂದ ತುದಿ ಕಡೆಗೆ ತಿರುಗಿಸುತ್ತಾ ಒರೆಸಿ. ಉಲ್ಟಾ ಒರೆಸಿದರೆ ತುದಿ ಬಾಗುತ್ತದೆ, ಬೆರಳಿಗೂ ಚುಚ್ಚುತ್ತದೆ.

ಲ್ಯಾಕರ್, ಅಂದರೆ ಘಾಟು ಥಿನ್ನರ್ ಇರುವ ಬಣ್ಣ, ಹೊಡೆಯುವುದಾದರೆ ಕಿಟಕಿ ತೆರೆದು, ಫ್ಯಾನ್ ಹೊರಗೆ ತಿರುಗಿಸಿ, ಆ ಘಾಟಿನ ಆವಿ ಹಿಡಿಯುವ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಿಕೊಳ್ಳಿ. ಕೊರೊನಾ ಟೈಮಿನ ಬಟ್ಟೆ ಮಾಸ್ಕ್ ನಡೀತೈತೇನ್ರಿ ಅಂತ ಕೇಳಬೇಡಿ. ನಡೆಯುವುದಿಲ್ಲ.